ಬಾಡಿಗೆಯ ಹಣದಿಂದಲೇ ಸಾಲದ ಕಂತು ತೀರುತ್ತದೆಯೇ?

ಬೆಂಗಳೂರಿನಲ್ಲಿ ಸ್ವಂತ ಮನೆ ಮಾಡಿಕೊಂಡು, ಕೈಯಲ್ಲಿ ಇನ್ನಷ್ಟು ಉಳಿತಾಯ ಇರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಸಾಲ ಮಾಡಿ ಇನ್ನೊಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟರೆ, ಆ ಬಾಡಿಗೆಯೇ ಕಂತನ್ನು ಕಟ್ಟಿಕೊಂಡು ಹೋಗುವುದಿಲ್ಲವೇ? ಈ ಊರಿನ ಇಂದಿನ ಬೆಲೆಗಳಲ್ಲಿ ಕಟ್ಟಿಕೊಂಡು ಹೋಗುವುದಿಲ್ಲ ಎಂಬುದೇ ನನ್ನ ಉತ್ತರ. ಹಾಗೆಂದು ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಎಷ್ಟು ಸಾಲ ಮಾಡಬೇಕು ಎಂಬುದನ್ನು ಬ್ಯಾಂಕು ಕೊಡಲು ಒಪ್ಪುವ ಮೊತ್ತದಿಂದ ತೀರ್ಮಾನಿಸಬಾರದು. ಬಾಡಿಗೆಗೂ ಕಂತಿಗೂ ನಡುವೆ ಬೀಳುವ ಕೊರತೆಯನ್ನು ನಿಮ್ಮ ಸಂಬಳ ಎಷ್ಟು ವರ್ಷ ತುಂಬಬಲ್ಲದು ಎಂಬುದರಿಂದ ತೀರ್ಮಾನಿಸಬೇಕು.

80 ಲಕ್ಷ ರೂಪಾಯಿಯ ಒಂದು ಫ್ಲ್ಯಾಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ವಿಧಿಸಿರುವ ಮಿತಿ ಮನೆಯ ಬೆಲೆಯ ಶೇ. 80, ನೀವು 60 ಲಕ್ಷ ಸಾಲ ಪಡೆದಿರಿ ಎನ್ನೋಣ. ಉಳಿದ 20 ಲಕ್ಷದ ಜೊತೆಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿರುವ ನೋಂದಣಿ ಶುಲ್ಕ, ಇವೆಲ್ಲ ಸೇರಿ ಇನ್ನೂ 6 ಲಕ್ಷದಷ್ಟನ್ನು ನೀವೇ ಹೊಂದಿಸಬೇಕು. ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 52,000 ರೂಪಾಯಿ ಆಗುತ್ತದೆ. ಅಂಥ ಮನೆಗೆ 25,000 ರೂಪಾಯಿ ಬಾಡಿಗೆ ಬರುತ್ತದೆ ಎಂದುಕೊಂಡರೂ, ಆಸ್ತಿ ತೆರಿಗೆ, ಸುಣ್ಣಬಣ್ಣ, ದಲ್ಲಾಳಿ ಕಮಿಷನ್ ಮತ್ತು ಖಾಲಿ ಬೀಳುವ ತಿಂಗಳುಗಳನ್ನು ಕಳೆದರೆ ಕೈಗೆ ಉಳಿಯುವುದು 21,000ದ ಆಸುಪಾಸು. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಯೇ 42,500 ರೂಪಾಯಿ ಇರುವುದರಿಂದ ಬಾಡಿಗೆಯ ಹಣ ಅಸಲನ್ನು ಮುಟ್ಟುವುದಿರಲಿ, ಬಡ್ಡಿಯ ಅರ್ಧದಷ್ಟನ್ನು ಮಾತ್ರ ತೀರಿಸುತ್ತದೆ. ಆ 21,000 ರೂಪಾಯಿ ತಾನಾಗಿಯೇ ಹೊರಬಲ್ಲ ಸಾಲ 24 ಲಕ್ಷ ಮಾತ್ರ.

ಹಾಗಿದ್ದರೂ ಜನ ಕೊಳ್ಳುವುದು ಬೆಲೆ ಏರುತ್ತದೆ ಎಂಬ ಭರವಸೆಯಿಂದ. ಆ ಭರವಸೆಗೂ ಒಂದು ಲೆಕ್ಕವಿದೆ. ಮೊದಲ ವರ್ಷ ಬಡ್ಡಿಗೆ ಹೋಗುವ 5 ಲಕ್ಷದಲ್ಲಿ ನಿವ್ವಳ ಬಾಡಿಗೆಯ ಎರಡೂವರೆ ಲಕ್ಷವನ್ನು ಕಳೆಯಿರಿ. ನಿಮ್ಮ 26 ಲಕ್ಷವನ್ನು ಶೇ. 7ರ ಠೇವಣಿಯಲ್ಲಿ ಇಟ್ಟಿದ್ದರೆ ಬರುತ್ತಿದ್ದ 1.8 ಲಕ್ಷವನ್ನು ಕೂಡಿಸಿರಿ. ಸಿಗುವುದು 4.3 ಲಕ್ಷ, ಅಂದರೆ 80 ಲಕ್ಷದ ಮನೆಯ ಬೆಲೆ ವರ್ಷಕ್ಕೆ ಸುಮಾರು ಐದೂವರೆ ಶೇಕಡಾ ಏರಿದರೆ ನೀವು ನಿಂತಲ್ಲೇ ನಿಂತಿರುತ್ತೀರಿ. ನೋಂದಣಿಯ ವೆಚ್ಚ, ಮಾರುವಾಗಿನ ತೆರಿಗೆ ಇದರಲ್ಲಿ ಸೇರಿಲ್ಲ. ಫ್ಲ್ಯಾಟಿನ ಕಟ್ಟಡ ವರ್ಷದಿಂದ ವರ್ಷಕ್ಕೆ ಹಳೆಯದಾಗುತ್ತದೆ, ಬೆಲೆ ಏರುವುದು ಅದರ ಅಡಿಯ ನೆಲಕ್ಕೆ. ಆದ್ದರಿಂದ ಕ್ರಯಪತ್ರದಲ್ಲಿ ನಿಮ್ಮ ಹೆಸರಿಗೆ ಬರುವ ಜಮೀನಿನ ಅವಿಭಜಿತ ಪಾಲು ಎಷ್ಟು ಚದರಡಿ ಎಂಬುದನ್ನು ಈಜುಕೊಳಕ್ಕಿಂತ ಮೊದಲು ವಿಚಾರಿಸಬೇಕು. ಮೆಟ್ರೊ ಬರುತ್ತದೆ ಎಂಬ ಮಾತಿಗೂ ಇದೇ ಎಚ್ಚರ ಬೇಕು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಹಲವು ಗಡುವುಗಳನ್ನು ದಾಟಿ 2025ರ ಆಗಸ್ಟ್‌ನಲ್ಲಿ ತೆರೆಯಿತು. ರೈಲು ಬರುವ ಮೊದಲೇ ಅದರ ಬೆಲೆ ತೆತ್ತು ಕೊಂಡವರು ಅಷ್ಟೂ ವರ್ಷ ಕಾಯುತ್ತಲೇ ಕಂತು ಕಟ್ಟಿದರು.

ಬಡ್ಡಿ ದರವೂ ನಿಂತ ನೀರಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತು. ಮೇಲಿನ ಸಾಲಕ್ಕೆ ಅಂಥದೇ ಏರಿಕೆ ತಗುಲಿದರೆ ಕಂತು 62,000ದ ಹತ್ತಿರ ಹೋಗುತ್ತದೆ, ಇಲ್ಲವೇ ಅವಧಿ ನಿವೃತ್ತಿಯ ಆಚೆಗೂ ಚಾಚಿಕೊಳ್ಳುತ್ತದೆ. ಹೆಚ್ಚಿದ ಕಂತಿನ ಲೆಕ್ಕದಲ್ಲಿ ಒಂದು ವರ್ಷದ ಕೊರತೆಯನ್ನು ಪ್ರತ್ಯೇಕವಾಗಿ ಎತ್ತಿಡಲಾಗದವರು ಸಾಲದ ಮೊತ್ತವನ್ನೇ ಇಳಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಇನ್ನು ತೆರಿಗೆ ಉಳಿತಾಯದ ಮಾತು: ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ನಷ್ಟವನ್ನು, ಅಂದರೆ ಬಾಡಿಗೆಯನ್ನು ಮೀರಿದ ಬಡ್ಡಿಯನ್ನು, ಸಂಬಳದ ಆದಾಯದಿಂದ ಕಳೆಯಲು ಬರುವುದಿಲ್ಲ, ಹಳೆಯದರಲ್ಲಿಯೂ ಅದರ ಮಿತಿ ವರ್ಷಕ್ಕೆ 2 ಲಕ್ಷ.

ಬಿ ಖಾತಾ ಆಸ್ತಿ, ಅಂದರೆ ಅನುಮೋದನೆಯಲ್ಲಿ ಕೊರತೆಯಿದ್ದು ತೆರಿಗೆ ವಸೂಲಿಗಾಗಿ ಪಾಲಿಕೆ ಪ್ರತ್ಯೇಕವಾಗಿ ದಾಖಲಿಸಿಕೊಂಡ ಆಸ್ತಿ, ಅಗ್ಗವಾಗಿ ಕಾಣುತ್ತದೆ. ಆದರೆ ಅದಕ್ಕೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡದ ಕಾರಣ ದುಬಾರಿ ಬಡ್ಡಿಯ ಸಾಲ ಹುಡುಕಬೇಕಾಗುತ್ತದೆ, ಮುಂದೆ ನೀವು ಮಾರುವಾಗ ಕೊಳ್ಳುವವರಿಗೂ ಅದೇ ತೊಡಕು ಎದುರಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಹಲವರು, ಹಾಗಾದರೆ ಮನೆಯನ್ನು ಭೋಗ್ಯಕ್ಕೆ ಕೊಟ್ಟು ಆ ಹಣದಿಂದ ಸಾಲ ತೀರಿಸಿಬಿಡಲೇ ಎಂದು ಕೇಳುತ್ತಾರೆ. ಲೀಸ್ ಎಂದು ಇಲ್ಲಿ ಎಲ್ಲರೂ ಕರೆಯುವ ಈ ಏರ್ಪಾಡಿನಲ್ಲಿ ಬಾಡಿಗೆದಾರರು ಇಡಿಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ, ಬಿಡುವಾಗ ಗಂಟನ್ನು ಹಿಂದಕ್ಕೆ ಪಡೆಯುತ್ತಾರೆ. ಮನೆ ಮಾಲೀಕನ ದೃಷ್ಟಿಯಿಂದ ಇದೂ ಒಂದು ಸಾಲವೇ. ಅದರ ಬಡ್ಡಿ ನೀವು ಬಿಟ್ಟುಕೊಡುವ ಬಾಡಿಗೆ. 20 ಲಕ್ಷ ಭೋಗ್ಯ ಪಡೆದು ಶೇ. 8.5ರ ಗೃಹಸಾಲಕ್ಕೆ ಕಟ್ಟಿದರೆ ವರ್ಷಕ್ಕೆ ಉಳಿಯುವುದು 1.7 ಲಕ್ಷ, ಬಿಟ್ಟದ್ದು ಎರಡೂವರೆ ಲಕ್ಷ: ಇದು ನಷ್ಟದ ವ್ಯವಹಾರ. ಅದೇ ಹಣದಿಂದ ಶೇ. 18ರ ಸಾಲವೊಂದನ್ನು ತೀರಿಸಿದರೆ 3.6 ಲಕ್ಷ ಉಳಿಯುತ್ತದೆ, ಆಗ ಅದಕ್ಕೆ ಅರ್ಥವಿದೆ. ಆದರೆ ಗಂಟು ಹಿಂದಿರುಗಿಸಬೇಕಾದ ದಿನಕ್ಕೆ ಮುಂದಿನ ಭೋಗ್ಯದಾರನನ್ನೇ ನಂಬಿಕೊಂಡಿರುವ ಮಾಲೀಕರು ತಮ್ಮ ಸಂಕಟವನ್ನು ಇನ್ನೊಂದು ಸಂಸಾರದ ತಲೆಯ ಮೇಲೆ ಹೊರಿಸುತ್ತಾರೆ, ಇದನ್ನು ನಾನು ಒಪ್ಪಲಾರೆ. ಅಡಮಾನದಲ್ಲಿರುವ ಆಸ್ತಿಯನ್ನು ಹೀಗೆ ಮುಂಗಡ ಮೊತ್ತ ಪಡೆದು ಗುತ್ತಿಗೆಗೆ ಕೊಡಲು ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಮು ಮಾಲೀಕನಿಗೆ ಅಧಿಕಾರ ನೀಡುವುದಿಲ್ಲ. ಕಂತು ತಪ್ಪಿ ಬ್ಯಾಂಕು ಮನೆಯನ್ನು ಜಪ್ತಿ ಮಾಡಿದರೆ ಇಡೀ ಜೀವಮಾನದ ಉಳಿತಾಯವನ್ನು ನಿಮ್ಮ ಕೈಗಿಟ್ಟ ಬಾಡಿಗೆದಾರರು ಬೀದಿಗೆ ಬೀಳುತ್ತಾರೆ. ಹೀಗಾಗಿ ಸಾಲ ಬಾಕಿಯಿರುವ ಮನೆಯನ್ನು ಭೋಗ್ಯಕ್ಕೆ ಕೊಡಲೇಬೇಕಾದ ಸಂದರ್ಭ ಬಂದರೆ, ಮೊದಲು ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು, ಸಾಲದ ವಿವರವನ್ನು ಕರಾರಿನಲ್ಲಿಯೇ ಬರೆಸಿ, ಅದನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಆನಂತರವೇ ಹಣ ಮುಟ್ಟಬೇಕು.