ಅತ್ತೆಯ ಅಜ್ಜನ ಜನನ ಪತ್ರ

ನಾನು ಮೈಸೂರಿನವಳು, ಈಗ ಇರೋದು ನ್ಯೂಜೆರ್ಸಿಯಲ್ಲಿ. ನನ್ನ ಗಂಡನ ಮನೆಯವರ ಮೂಲ ಇಟಲಿ. ಅತ್ತೆಯ ಅಜ್ಜ 1891ರಲ್ಲಿ ದಕ್ಷಿಣ ಇಟಲಿಯ ಪೊಟೆಂಜಾ ಕಡೆಯ ಒಂದು ಬೆಟ್ಟದೂರಿನಲ್ಲಿ ಹುಟ್ಟಿ, ಎಲ್ಲಿಸ್ ಐಲೆಂಡ್‌ನಲ್ಲಿ ಬಂದಿಳಿದವರು. ಅವರ ಕಡೆಯಿಂದ ಇಟಲಿಯ ಪೌರತ್ವ ಕೇಳೋಣ ಅಂತ ಹೊರಟವರು ಅತ್ತೆ. ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು.

ಆಗ ಇಷ್ಟೇ ತಲೆಮಾರು ಅನ್ನೋ ಮಿತಿ ಇರಲಿಲ್ಲ. ವಲಸೆ ಬಂದವರು ಅಮೆರಿಕದ ಪ್ರಜೆಯಾಗುವ ಮೊದಲೇ ಮುಂದಿನ ತಲೆಮಾರಿನ ಮಗು ಹುಟ್ಟಿರಬೇಕಿತ್ತು. ಅಜ್ಜ ಪ್ರಜೆಯಾದದ್ದು 1943ರಲ್ಲಿ, ಆಗ ಅವರ ಮಗನಿಗೆ 24 ವರ್ಷ. ತೊಂದರೆ ಇರಲಿಲ್ಲ. ತಾಯಿಯ ಕಡೆಯಿಂದಾದರೆ 1948ರ ಜನವರಿ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಮಾತ್ರ ಹಕ್ಕಿತ್ತು. ಅದಕ್ಕೂ ಹಿಂದಿನವರು ಕೋರ್ಟಿಗೇ ಹೋಗಬೇಕಿತ್ತು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಹೆತ್ತವಳ ಲೆಕ್ಕ ಬೇಡವಾಗಿತ್ತಾ?

ಇಟಲಿಯ ಸರ್ಕಾರಿ ಪತ್ರಾಗಾರಗಳ ಹಳೆ ದಾಖಲೆಗಳು 'ಅಂತೆನಾತಿ' ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ರಾತ್ರಿ ಊಟ ಆದ ಮೇಲೆ ಅತ್ತೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಒಂದೊಂದೇ ಪುಟ ತಿರುವುತ್ತಾ ಹೋದೆವು. ಕೊನೆಗೂ ಸಿಕ್ಕಿತು. ರೈತನೊಬ್ಬ ಪುರಸಭೆಗೆ ಬಂದು, ಇಬ್ಬರು ಸಾಕ್ಷಿಗಳ ಎದುರು ಗಂಡು ಮಗುವನ್ನು ಅಧಿಕಾರಿಗೆ ತೋರಿಸಿ, ಜುಸೆಪ್ಪೆ ಅಂತ ಹೆಸರಿಟ್ಟಿದ್ದ. ಕೆಳಗೆ ಅಧಿಕಾರಿಯ ಸಹಿ ಇತ್ತು, ತಂದೆಯದ್ದಿಲ್ಲ. ಆತನಿಗೆ ಓದುಬರಹ ಬರುವುದಿಲ್ಲ, ಆದ್ದರಿಂದ ಸಹಿ ಮಾಡಿಲ್ಲ ಅಂತ ಬರೆದಿದ್ದರು. ಅತ್ತೆ ಆ ಸಾಲನ್ನು ನನ್ನಿಂದ ಮತ್ತೆ ಓದಿಸಿದರು. ಜೀವನವಿಡೀ ಶಾಲೆಯಲ್ಲಿ ಪಾಠ ಹೇಳಿದವರು ಅವರು. "ನಮ್ಮ ಮುತ್ತಜ್ಜ" ಅಂದರು, ಅಷ್ಟೇ.

ಆಮೇಲಿನದು ಬರೀ ಓಡಾಟ. ಜುಸೆಪ್ಪೆ ಇಲ್ಲಿ ಜೋಸೆಫ್ ಆಗಿದ್ದರು, ಅದಕ್ಕೆ ಸಮಜಾಯಿಷಿ ಬೇಕು. ಜನನ, ಮದುವೆ, ಮರಣದ ಪತ್ರಗಳಿಗೆ ಅಪಾಸ್ಟಿಲ್ (ಬೇರೆ ದೇಶದವರು ಒಪ್ಪುವಂತೆ ಸರ್ಕಾರ ಕೊಡುವ ದೃಢೀಕರಣ) ಬೇಕು, ಇಟಾಲಿಯನ್ ಅನುವಾದ ಬೇಕು. ಎಲ್ಲ ಸೇರಿತು, ಅರ್ಜಿ ಕೊಡೋಕೆ ಇಟಲಿಯ ಕಾನ್ಸುಲೇಟ್‌ನಲ್ಲಿ ಅಪಾಯಿಂಟ್‌ಮೆಂಟ್ ಮಾತ್ರ ಸಿಗಲಿಲ್ಲ.

2025ರ ಮಾರ್ಚ್ 28ರ ಶುಕ್ರವಾರ ನಾದಿನಿ ಫೋನ್ ಮಾಡಿದಳು. ಇಟಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತ್ತು. ಹಕ್ಕು ಇನ್ನು ಎರಡು ತಲೆಮಾರಿಗೆ ಮಾತ್ರ. ಮೇ ತಿಂಗಳಲ್ಲಿ ಸಂಸತ್ತು ಅದನ್ನು ಕಾನೂನು ಮಾಡುವಾಗ ಇನ್ನೂ ಬಿಗಿಯಾಯಿತು: ಯಾರ ಕಡೆಯಿಂದ ಹಕ್ಕು ಕೇಳುತ್ತೇವೋ ಆ ತಂದೆ, ತಾಯಿ, ಅಜ್ಜ ಅಥವಾ ಅಜ್ಜಿಗೆ ಇಟಲಿಯ ಪೌರತ್ವ ಬಿಟ್ಟು ಬೇರೆಯದು ಇರಬಾರದು, ತೀರಿಹೋಗಿದ್ದರೆ ಸಾಯುವಾಗಲೂ ಇದ್ದಿರಬಾರದು. ಅಜ್ಜ ಅಮೆರಿಕದ ಪ್ರಜೆಯಾಗಿದ್ದರಿಂದ ನನ್ನ ಗಂಡ ಮಾತ್ರವಲ್ಲ, ಅತ್ತೆಯೂ ಹೊರಗೆ ಉಳಿದರು.

ಬ್ರೆಜಿಲ್, ಅರ್ಜೆಂಟೀನಾಗಳಿಂದ ಅರ್ಜಿಗಳು ರಾಶಿ ಬಿದ್ದಿವೆ, ಇಟಲಿಯ ಜೊತೆ ಯಾವ ನಂಟೂ ಇಲ್ಲದವರು ಪಾಸ್‌ಪೋರ್ಟಿಗಾಗಿ ಬರುತ್ತಿದ್ದಾರೆ ಅನ್ನೋದು ಸರ್ಕಾರದ ವಾದ. ಅದರಲ್ಲಿ ನಿಜವಿದೆ. ಎರಡು ಪೌರತ್ವಕ್ಕೆ ಭಾರತ ಒಪ್ಪುವುದಿಲ್ಲ, ಹಾಗಾಗಿ ಅಮೆರಿಕದ ಪ್ರಜೆಯಾದಾಗ ನಾನೂ ನನ್ನ ಪಾಸ್‌ಪೋರ್ಟ್ ಒಪ್ಪಿಸಿದವಳೇ. ಈಗಿರೋದು ಓಸಿಐ ಕಾರ್ಡು (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು), ಅದರಲ್ಲಿ ವೋಟು ಹಾಕೋಕೆ ಆಗಲ್ಲ. ಆದರೆ ಆ ನಿಯಮ ನನಗೆ ಮೊದಲೇ ಗೊತ್ತಿತ್ತು, ಯೋಚಿಸಿ ತೀರ್ಮಾನ ಮಾಡಿದೆ. ಇಲ್ಲಿ ಹಾಗಾಗಲಿಲ್ಲ. ಮಾರ್ಚ್ 27ರೊಳಗೆ ಅರ್ಜಿ ಕೊಟ್ಟವರಿಗೆ, ಅಪಾಯಿಂಟ್‌ಮೆಂಟ್ ಸಿಕ್ಕವರಿಗೆ ಹಳೆ ಕಾನೂನು. ಎಲ್ಲ ಕಾಗದ ಸಿದ್ಧ ಮಾಡಿಕೊಂಡು ಸರದಿಗೆ ಕಾಯುತ್ತಿದ್ದವರಿಗೆ ಏನೂ ಇಲ್ಲ. ಕಾನೂನು ಬದಲಿಸುವ ಹಕ್ಕು ಆ ದೇಶದ್ದು, ಅದನ್ನು ಪ್ರಶ್ನಿಸಲ್ಲ. ಒಂದು ವರ್ಷದ ಗಡುವು ಕೊಡಬಹುದಿತ್ತು, ಅಲ್ವಾ?