ಲೈಟ್ ಹತ್ತಿದರೆ ಹೀಟರ್ ಪ್ಲಗ್ ಸರಿಯಿದೆ ಅಂತಲ್ಲ

ಮೂಡಿಗೆರೆ ಕಡೆ ಡಿಸೆಂಬರ್, ಜನವರಿಯಲ್ಲಿ ಹಳೆ ಡೀಸೆಲ್ ಗಾಡಿ ಇರುವ ಮನೆ ಯಾವುದು ಅಂತ ದೂರದಿಂದಲೇ ಹೇಳಬಹುದು. ಗಾಡಿ ಶೆಡ್ಡಿನಲ್ಲಿ ಇರುವುದಿಲ್ಲ. ಮನೆ ಮುಂದಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿರುತ್ತಾರೆ. ಬೆಳಗ್ಗೆ ಸೆಲ್ಫ್‌ನಲ್ಲಿ ಸ್ಟಾರ್ಟ್ ಆಗದಿದ್ದರೆ ಉರುಳಿಸಿಯಾದರೂ ಹೊರಡಬೇಕಲ್ಲ. ಕಾಫಿ ಕೊಯ್ಲಿನ ಸಮಯದಲ್ಲಿ ನಾನು ಹೋದಾಗ ಮಾವನ ಕಾರೂ ಹಾಗೇ ನಿಂತಿತ್ತು.

ಪ್ರಿ-ಚೇಂಬರ್, ಅಂದರೆ ಡೀಸೆಲ್ ಮೊದಲು ಹತ್ತಿಕೊಳ್ಳುವ ಪುಟ್ಟ ಕೋಣೆ ಇರುವ ಹಳೆ ಕಾಲದ ನಾಲ್ಕು ಸಿಲಿಂಡರ್ ಎಂಜಿನ್ ಅದು. ಬೆಳಗ್ಗೆ ಸೆಲ್ಫ್ ಹೊಡೀತಾನೇ ಇರಬೇಕು. ಕೊನೆಗೊಮ್ಮೆ ಹತ್ತಿಕೊಂಡರೂ ಒಂದೆರಡು ಸಿಲಿಂಡರ್ ಉರಿಯದೆ ಮಿಸ್ಸಿಂಗ್, ಬಾನೆಟ್ಟೆಲ್ಲ ಗಡಗಡ. ಹಸಿ ಸೌದೆ ಹಚ್ಚಿದ ಒಲೆಯ ಹಾಗೆ ಕಣ್ಣು ಉರಿಯುವ ಬಿಳಿ ಹೊಗೆ. ಎಂಜಿನ್ ಸ್ವಲ್ಪ ಬಿಸಿಯಾದರೆ ಎಲ್ಲ ಸರಿಹೋಗುತ್ತದೆ. ಮಧ್ಯಾಹ್ನ ಕೀ ತಿರುಗಿಸಿದರೆ ಸಾಕು, ಸ್ಟಾರ್ಟ್.

ಮಾವ ಆಗಲೇ ಹೊಸ ಬ್ಯಾಟರಿ ಹಾಕಿಸಿದ್ದರು. ಮುಂದೆ ಡೀಸೆಲ್ ಪಂಪ್ ಬಿಚ್ಚಬೇಕು, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ನೋಝಲ್ ಬದಲಿಸಬೇಕು ಅಂತ ಗ್ಯಾರೇಜಿನಲ್ಲಿ ಹೇಳಿದ್ದರಂತೆ. ಸಾವಿರಗಟ್ಟಲೆ ಖರ್ಚಿನ ಕೆಲಸ.

"ಹೀಟರ್ ಪ್ಲಗ್ ನೋಡಿಸಿದ್ರಾ ಮಾವ?" ಅಂದೆ.

"ಅದು ಸರಿ ಇದೆ ಕಣೋ. ಕೀ ತಿರುಗಿಸಿದ್ರೆ ಲೈಟ್ ಬರುತ್ತಲ್ಲ" ಅಂದರು.

ತುಂಬಾ ಜನ ದಾರಿ ತಪ್ಪುವುದು ಇಲ್ಲೇ. ಹೀಟರ್ ಪ್ಲಗ್ ಅಂದರೆ ಗ್ಲೋ ಪ್ಲಗ್, ಸ್ಟಾರ್ಟ್ ಮಾಡುವಾಗ ಎಂಜಿನ್ನಿನೊಳಗೆ ಬಿಸಿ ಕೊಡುವ ಕಡ್ಡಿ, ಸಿಲಿಂಡರಿಗೊಂದು. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಚಿತ್ರದ ಲೈಟ್ ಇದೆಯಲ್ಲ, ಇಂಥ ಹಳೆ ಗಾಡಿಗಳಲ್ಲಿ ಅದು ಟೈಮರ್ ಹೇಳಿದಂತೆ ಹತ್ತುತ್ತದೆ, ಆರುತ್ತದೆ, ಅಷ್ಟೇ. ನಾಲ್ಕೂ ಗ್ಲೋ ಪ್ಲಗ್ ಸತ್ತು ಹೋಗಿದ್ದರೂ ಅದು ಹತ್ತಿ ಆರುತ್ತದೆ. ಪ್ಲಗ್ ಬಿಸಿಯಾಯ್ತಾ ಇಲ್ವಾ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಜೋರಾಗಿ ಅದುಮಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಪ್ರಿ-ಚೇಂಬರ್ ಎಂಜಿನ್ನಿನಲ್ಲಿ ಗಾಳಿಯನ್ನು ಸುಮಾರು 22ರಲ್ಲಿ ಒಂದು ಪಾಲಿನಷ್ಟಕ್ಕೆ ಅದುಮಿದರೂ, ಆ ಪುಟ್ಟ ಕೋಣೆಯ ತಣ್ಣನೆ ಗೋಡೆ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೇ ಪ್ಲಗ್ಗಿನ ತುದಿ ಕೆಲವೇ ಸೆಕೆಂಡಿನಲ್ಲಿ 800 ಡಿಗ್ರಿ ದಾಟಬೇಕು. ಭಾರಿ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಈಗಿನ ಕಾಮನ್ ರೈಲ್ ಕಾರುಗಳು ಮಲೆನಾಡಿನ 10-12 ಡಿಗ್ರಿ ಚಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ಈ ಹಳೆಯವಕ್ಕೆ ಆ ಚಳಿಯೇ ಜಾಸ್ತಿ.

ನನಗೆ ಪಂಪಿನ ಮೇಲೆ ಅನುಮಾನ ಬರಲಿಲ್ಲ. ಪಂಪ್ ಸವೆದಿದ್ದರೆ ಸಾಮಾನ್ಯವಾಗಿ ಬಿಸಿ ಎಂಜಿನ್ನೇ ಸ್ಟಾರ್ಟ್ ಆಗಲು ಹಠ ಮಾಡುತ್ತದೆ. ಇಲ್ಲಿ ಉಲ್ಟಾ. ಪೈಪಿನಲ್ಲಿ ಗಾಳಿ ಸೇರಿದ್ದರೂ ಬೆಳಗ್ಗೆ ಕಾಟ ಕೊಡಬಹುದು. ಆದರೆ ಆಗ ಸೆಲ್ಫ್ ಹೊಡೆಯುವಾಗ ಹೊಗೆಯೇ ಬರುವುದಿಲ್ಲ. ಬಿಳಿ ಹೊಗೆ ಬರುತ್ತಿದೆ ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ.

ಮಲ್ಟಿಮೀಟರ್ ತಂದೆ. ಮೊದಲು ಕರೆಂಟ್ ಬರುತ್ತಿದೆಯಾ ನೋಡಬೇಕು. ಮಾವ ಕೀ ತಿರುಗಿಸಿದರು, ಪ್ಲಗ್ಗಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಟಿಕ್ ಅಂತು, ಪ್ಲಗ್‌ಗಳ ತಲೆ ಮೇಲಿನ ಲೋಹದ ಪಟ್ಟಿಯಲ್ಲಿ 11 ವೋಲ್ಟ್ ಮೇಲೆಯೇ ಇತ್ತು. ರಿಲೇ, ಫ್ಯೂಸ್ ಎರಡೂ ಸರಿ ಇವೆ ಅಂತಾಯ್ತು.

ಇನ್ನು ಆ ಪಟ್ಟಿಯನ್ನು ಬಿಚ್ಚಲೇಬೇಕು. ಇದನ್ನು ಒತ್ತಿ ಹೇಳುತ್ತೇನೆ. ನಾಲ್ಕೂ ಪ್ಲಗ್ಗಿಗೆ ಅದೊಂದೇ ಪಟ್ಟಿಯಿಂದ ಕರೆಂಟ್ ಹೋಗುತ್ತದೆ. ಅದು ಇದ್ದಾಗ ಮೀಟರ್ ಇಟ್ಟರೆ ಒಂದೇ ಒಂದು ಪ್ಲಗ್ ಬದುಕಿದ್ದರೂ ನಾಲ್ಕೂ ಚೆನ್ನಾಗಿವೆ ಅಂತ ತೋರಿಸುತ್ತದೆ. ನಟ್ಟು ಬಿಚ್ಚಿ ಪಟ್ಟಿ ತೆಗೆದೆ. ಮೀಟರನ್ನು 200 ಓಮ್‌ಗೆ ಇಟ್ಟು ಎರಡೂ ವೈರಿನ ತುದಿ ಒಂದಕ್ಕೊಂದು ತಾಗಿಸಿದೆ. 0.4 ಬಂತು, ಅದು ವೈರಿನದ್ದೇ ಲೆಕ್ಕ, ಕಳೆಯಬೇಕು. ಆಮೇಲೆ ಒಂದು ತುದಿ ಎಂಜಿನ್ನಿನ ಬರಿ ಲೋಹಕ್ಕೆ, ಇನ್ನೊಂದು ಪ್ಲಗ್ಗಿನ ತಲೆಗೆ. ಮೊದಲನೆಯದು 1.1. ನಾಲ್ಕನೆಯದು 1.2. ಕಳೆದರೆ ಒಂದು ಓಮಿಗಿಂತ ಕಡಿಮೆ, ಜೀವ ಇದೆ. ಎರಡು ಮತ್ತು ಮೂರರಲ್ಲಿ ಪರದೆಯ ಎಡ ತುದಿಯಲ್ಲಿ ಬರೀ "1" ನಿಂತಿತ್ತು, ಮುಂದೆ ಬೇರೆ ಅಂಕಿ ಇಲ್ಲ. ಅದು ಒಂದು ಓಮ್ ಅಲ್ಲ. ಅಗ್ಗದ ಮೀಟರಿನಲ್ಲಿ ಪ್ಲಗ್ಗಿನ ಒಳಗಿನ ತಂತಿ ಕಡಿದು ಹೋಗಿದೆ ಅಂತ ತೋರಿಸುವುದೇ ಹಾಗೆ.

ಮೀಟರ್ ಇಲ್ಲದಿದ್ದರೆ ಗಾಡಿಯ ಸಣ್ಣ ಬಲ್ಬಿನಿಂದಲೂ ನೋಡಬಹುದು. ಪಟ್ಟಿ ತೆಗೆದ ಮೇಲೆ ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಮೂಲಕ ಪ್ಲಗ್ಗಿನ ತಲೆಗೆ ವೈರ್ ಮುಟ್ಟಿಸಿ. ಬಲ್ಬ್ ಹತ್ತದಿದ್ದರೆ ಪ್ಲಗ್ ಸತ್ತಿದೆ.

ತೋಟದ ಗಾಡಿ ಓಡಿಸುವ ಹುಡುಗ ಏರ್ ಫಿಲ್ಟರ್ ಹತ್ತಿರ ಪೆಟ್ರೋಲ್ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುತ್ತಿದ್ದ ಅಂತ ಆಗ ಗೊತ್ತಾಯ್ತು. ನನಗೆ ಎದೆ ಝಲ್ ಅಂತು. ಎರಡು ಪ್ಲಗ್ ಇನ್ನೂ ಕೆಂಪಗೆ ಕಾಯುತ್ತಿವೆ. ಪೆಟ್ರೋಲ್ ಆವಿ ಅದಕ್ಕೆ ತಾಗಿ ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿಕೊಂಡರೆ ಪಿಸ್ಟನ್ ಒಡೆಯಬಹುದು, ಬೆಂಕಿ ಮುಖಕ್ಕೇ ಬರಬಹುದು. ದಯವಿಟ್ಟು ಯಾರೂ ಮಾಡಬೇಡಿ. ಸ್ಟಾರ್ಟಿಂಗ್ ಸ್ಪ್ರೇಗೂ ಇದೇ ಮಾತು.

ಪ್ಲಗ್ ಬಿಚ್ಚುವುದು ಆತುರದ ಕೆಲಸವಲ್ಲ. ಎಂಜಿನ್ನಿನ ಮೇಲ್ಭಾಗದ ಹೆಡ್ಡಿನೊಳಗೆ ಮುರಿದರೆ ಹೆಡ್ಡನ್ನೇ ಇಳಿಸಬೇಕಾಗಬಹುದು. ಸಂಜೆಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಮರುದಿನ ಎಂಜಿನ್ ಓಡಿಸಿ ಬಿಸಿ ಮಾಡಿ ಬಾಕ್ಸ್ ಸ್ಪ್ಯಾನರ್ ಹಾಕಿದೆ. ಮೂರನೆಯದು ಬಿಗಿದುಕೊಂಡಿತ್ತು. ಸ್ವಲ್ಪ ಬಿಚ್ಚುವುದು, ಮತ್ತೆ ಸ್ವಲ್ಪ ಬಿಗಿಯುವುದು, ಎಣ್ಣೆ ಬಿಡುವುದು. ಹಾಗೇ ಮಾಡಿ ಮಾಡಿ ಬಂತು.

ಬದುಕಿದ್ದ ಎರಡನ್ನು ಇಕ್ಕಳದಲ್ಲಿ ಹಿಡಿದು ನೇರ ಬ್ಯಾಟರಿಗೆ ಕೊಟ್ಟು ನೋಡಿದೆ. ಒಂದರ ತುದಿ ಮೊದಲು ಕೆಂಪಾಯ್ತು, ಹಾಗೇ ಆಗಬೇಕು. ಇನ್ನೊಂದು ನಡುವಿನಿಂದ ಕೆಂಪಾಗಿ ತುದಿ ಕಪ್ಪಗೇ ಉಳಿಯಿತು. ಅದೂ ಹೋಗುವ ದಾರಿಯಲ್ಲೇ ಇತ್ತು. ನಾಲ್ಕೂ ಹೊಸದು ತರಿಸಿದೆವು. ಹೊಸ ಕಾರುಗಳ ಪ್ಲಗ್ಗಿಗೆ ಈ ಪರೀಕ್ಷೆ ಬೇಡ. ಅವುಗಳಲ್ಲಿ ಕೆಲವು ಐದು ವೋಲ್ಟಿನ ಆಸುಪಾಸಿನವು, 12 ವೋಲ್ಟ್ ಕೊಟ್ಟರೆ ಅಲ್ಲೇ ಸುಟ್ಟು ಹೋಗುತ್ತವೆ. ಅಂಥವಕ್ಕೆ ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0671ರಿಂದ ಪಿ0674ರವರೆಗಿನ ಕೋಡ್ ಯಾವ ಸಿಲಿಂಡರ್ ಅಂತಲೇ ಹೇಳುತ್ತದೆ.

ಹೊಸ ಪ್ಲಗ್ ಹಾಕಿದ ಮೇಲೆ ಬೆಳಗಿನ ಚಳಿಯಲ್ಲೇ ಕಾರು ಒಂದೇ ಸೆಲ್ಫಿಗೆ ಹತ್ತಿಕೊಂಡಿತು. ಆದರೂ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಮೂರನೇ ಪ್ಲಗ್ಗಿನ ತುದಿ ಸುಟ್ಟು ಸವೆದಿತ್ತು. ಸುಮ್ನೆ ವಯಸ್ಸಾಗಿ ಸತ್ತ ಪ್ಲಗ್ ಹಾಗಿರುವುದಿಲ್ಲ. ಆ ಒಂದು ಸಿಲಿಂಡರಿನ ನೋಝಲ್ ಮಾತ್ರ ಬಿಚ್ಚಿ ಪೇಟೆಯ ಟೆಸ್ಟ್ ಬೆಂಚಿಗೆ ಕಳಿಸಿದೆವು. ನುಣ್ಣಗೆ ಚದುರಬೇಕಾದ ಡೀಸೆಲ್ ಅದರಿಂದ ಹನಿಹನಿಯಾಗಿ ಬೀಳುತ್ತಿತ್ತು. ಅದೊಂದನ್ನು ಬದಲಿಸಿದರು. ಪಂಪನ್ನು ಯಾರೂ ಮುಟ್ಟಲಿಲ್ಲ.