ನಮ್ಮೂರಿಗೆ ಬಾರದ ಬಸ್ಸು

ಅಮೆರಿಕದ ಮಿಷಿಗನ್ನಿನಲ್ಲಿ, ಡೆಟ್ರಾಯಿಟ್‌ನ ಹೊರವಲಯದ ನೋವೈಯಲ್ಲಿ ಮನೆ ಹುಡುಕುವ ಕನ್ನಡಿಗರ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಸ್ಕೂಲು ಹೇಗಿದೆ? ವೆಂಕಟೇಶ್ವರ ದೇವಸ್ಥಾನ ಎಷ್ಟು ದೂರ? ಇಂಡಿಯನ್ ಅಂಗಡಿ ಹತ್ತಿರ ಇದೆಯಾ? ಬೇಸ್‌ಮೆಂಟಿಗೆ ನೀರು ನುಗ್ಗುತ್ತದಾ? ಬಸ್ ಇದೆಯಾ ಅಂತ ಕೇಳಿದವರನ್ನು ನಾನು ನೋಡಿಲ್ಲ. ನಾವೂ ಕೇಳಿರಲಿಲ್ಲ. ಮನೆ ಮುಂದೆ ಎರಡು ಕಾರು ನಿಲ್ಲಿಸಿಕೊಂಡವರಿಗೆ ಬಸ್ಸಿನ ಚಿಂತೆ ಯಾಕೆ?

2019ರ ಚಳಿಗಾಲದಲ್ಲಿ ನಮ್ಮತ್ತೆ ಡ್ರೈವ್‌ವೇ ಮೇಲೆ ಕಟ್ಟಿದ್ದ ಮಂಜುಗಡ್ಡೆಗೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಹೊತ್ತು ನೋಡಿಕೊಳ್ಳಲು ಏಜೆನ್ಸಿಯಿಂದ ಒಬ್ಬರನ್ನು ಗೊತ್ತು ಮಾಡಿದೆವು. ಅರವತ್ತರ ಹತ್ತಿರದ ಕಪ್ಪು ಹೆಂಗಸು, ಡೆಟ್ರಾಯಿಟ್‌ನವರು. "ಎಲ್ಲರೂ ನನ್ನ ಮಿಸ್ ಡಿ ಅಂತಾರೆ, ನೀವೂ ಹಾಗೇ ಕರೀರಿ" ಅಂದರು.

ಅತ್ತೆಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ಅದಕ್ಕೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅವರವರ ಭಾಷೆಯಲ್ಲಿ ಜೋರಾಗಿ ಮಾತಾಡುತ್ತಿದ್ದರು. ಸ್ವಲ್ಪ ದಿನದಲ್ಲೇ ಮಿಸ್ ಡಿ "ಏಳಿ", "ನಿಧಾನ", "ಸಾಕಾ" ಕಲಿತರು. "ಅವಳ ಕೈ ಗಟ್ಟಿ ಕಣಮ್ಮ, ಹಿಡ್ಕೊಂಡ್ರೆ ಬೀಳ್ತೀನಿ ಅನ್ನೋ ಭಯ ಇಲ್ಲ" ಅಂತ ಅತ್ತೆ ಸರ್ಟಿಫಿಕೇಟು ಕೊಟ್ಟರು. ನಾವು ಏಜೆನ್ಸಿಗೆ ಗಂಟೆಗೆ 24 ಡಾಲರ್ ಕೊಡುತ್ತಿದ್ದೆವು. ಆ ಗಟ್ಟಿ ಕೈಗೆ ಅದರಲ್ಲಿ ಸಿಗುತ್ತಿದ್ದದ್ದು 11.

ಎಂಟು ಗಂಟೆಗೆ ಶುರುವಾಗುವ ಕೆಲಸಕ್ಕೆ ಅವರು ಬೆಳಿಗ್ಗೆ ಐದೂವರೆಗೇ ಮನೆ ಬಿಡುತ್ತಿದ್ದರು. ಮೊದಲು ಡೆಟ್ರಾಯಿಟ್ ಸಿಟಿ ಬಸ್ಸು. ಆಮೇಲೆ ಹೊರವಲಯಕ್ಕೆ ಓಡುವ ಸ್ಮಾರ್ಟ್ ಅನ್ನುವ ಇನ್ನೊಂದು ಸಂಸ್ಥೆಯ ಬಸ್ಸು. ಅದು ಗ್ರ್ಯಾಂಡ್ ರಿವರ್ ರಸ್ತೆಯಲ್ಲಿ ಫಾರ್ಮಿಂಗ್ಟನ್ ಹಿಲ್ಸ್‌ವರೆಗೆ ಬಂದು ವಾಪಸ್ ತಿರುಗುತ್ತಿತ್ತು. ಅಲ್ಲಿಂದ ನಮ್ಮ ಮನೆಗೆ ಇನ್ನೂ ನಾಲ್ಕೈದು ಮೈಲಿ. ಫುಟ್‌ಪಾತ್ ಇದ್ದ ಕಡೆ ಇದೆ, ಇಲ್ಲದ ಕಡೆ ಇಲ್ಲ. ಮೊದಮೊದಲು ಫೋನಿನಲ್ಲಿ ಟ್ಯಾಕ್ಸಿ ಕರೆದು ಬರುತ್ತಿದ್ದರಂತೆ. ಅದಕ್ಕೇ ಒಂದು ಗಂಟೆಯ ಸಂಬಳ ಹೋಗುತ್ತಿತ್ತು. ಗೊತ್ತಾದ ಮೇಲೆ ನಮ್ಮನೆಯವರು ಬೆಳಿಗ್ಗೆ ಕರೆದುಕೊಂಡು ಬಂದು ಸಂಜೆ ಬಿಟ್ಟು ಬರಲು ಶುರು ಮಾಡಿದರು.

"ಬಸ್ಸು ಅಲ್ಲಿಗೇ ಯಾಕೆ ನಿಲ್ಲುತ್ತೆ?" ಅಂತ ಒಂದು ದಿನ ಕೇಳಿದೆ.

"ಅಲ್ಲಿಂದಾಚೆ ನಿಮ್ಮೂರು. ನಿಮ್ಮೂರಿನವರು ಬಸ್ ಬೇಡ ಅಂದಿದ್ದಾರೆ" ಅಂದರು. ಬೇಜಾರಿನ ದನಿಯೇನಲ್ಲ. ಇವತ್ತು ಚಳಿ ಜಾಸ್ತಿ ಅಂದಹಾಗೆ ಅಂದರು.

ಹುಡುಕಿ ನೋಡಿದರೆ ನಿಜ. ಸ್ಮಾರ್ಟ್ ಬಸ್ಸು ನಡೆಯುವುದು ಮನೆ ತೆರಿಗೆಯ ಒಂದು ಪಾಲಿನಿಂದ. 1995ರಿಂದ ಆ ತೆರಿಗೆಗೆ ಒಪ್ಪುವುದೋ ಬಿಡುವುದೋ ಆಯಾ ಊರಿಗೇ ಬಿಟ್ಟಿದ್ದರು. ನೋವೈ, ರಾಚೆಸ್ಟರ್ ಹಿಲ್ಸ್ ತರದ ಅನುಕೂಲಸ್ಥ ಊರುಗಳು ಹೊರಗೇ ಉಳಿದವು. ಹಾಗಾಗಿ ಬಸ್ಸಿನ ನಕ್ಷೆಯಲ್ಲಿ ಊರೂರೇ ತೂತು. 2015ರಲ್ಲಿ ಡೆಟ್ರಾಯಿಟ್‌ನ ಒಬ್ಬರ ಕತೆ ದೇಶವೆಲ್ಲ ಸುದ್ದಿಯಾಯಿತು. ರಾಚೆಸ್ಟರ್ ಹಿಲ್ಸ್‌ನ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಬರಲು, ಬಸ್ಸು ಇಲ್ಲದ ಕಡೆ ದಿನಕ್ಕೆ 21 ಮೈಲಿ ನಡೆಯುತ್ತಿದ್ದ ಮನುಷ್ಯ. ಜನ ಕರಗಿಹೋದರು. ಇಂಟರ್‌ನೆಟ್ಟಿನಲ್ಲಿ ಮೂರು ಲಕ್ಷ ಡಾಲರಿಗೂ ಜಾಸ್ತಿ ದುಡ್ಡು ಸೇರಿತು. ಒಬ್ಬ ಡೀಲರು ಹೊಸ ಕಾರು ಕೊಟ್ಟ. ಮರುವರ್ಷ, 2016ರ ನವೆಂಬರಿನಲ್ಲಿ, ನಾಲ್ಕು ಕೌಂಟಿಗಳನ್ನು, ಅಂದರೆ ನಮ್ಮ ಜಿಲ್ಲೆಗಳಂಥವನ್ನು, ಜೋಡಿಸುವ ಬಸ್ಸು-ರೈಲಿನ ತೆರಿಗೆ ಮತಕ್ಕೆ ಬಂತು. ಕೂದಲೆಳೆಯಲ್ಲಿ ಸೋತಿತು. ಒಬ್ಬನಿಗೆ ಕಾರು ಕೊಡಿಸಲು ಎಲ್ಲರೂ ಮುಂದೆ, ಎಲ್ಲರಿಗೂ ಬಸ್ಸು ಅಂದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಫೆಬ್ರುವರಿಯ ಒಂದು ದಿನ ಮಧ್ಯಾಹ್ನದಿಂದಲೇ ಹಿಮ ಸುರಿಯತೊಡಗಿತು. ಸ್ಕೂಲಿಗೆ ರಜ, ನನಗೆ ಮನೆಯಿಂದ ಕೆಲಸ. ಬಸ್ಸುಗಳು ಗಂಟೆಗಟ್ಟಲೆ ತಡ ಅಂತ ಮಿಸ್ ಡಿ ಫೋನಿಗೆ ಮೆಸೇಜು ಬಂತು. "ನಾನೇ ಮನೆವರೆಗೂ ಬಿಡ್ತೀನಿ" ಅಂದೆ. ಅವರು ಬೇಡ ಅಂದರು, ನಾನು ಬಿಡಲಿಲ್ಲ. ಅತ್ತೆ ಒಂದು ಡಬ್ಬಿಗೆ ಉಪ್ಪಿಟ್ಟು ಹಾಕಿಸಿಕೊಟ್ಟರು.

ನೋವೈಯ ದಕ್ಷಿಣದ ಅಂಚೇ ಎಂಟು ಮೈಲಿ ರಸ್ತೆ. ಅದನ್ನು ಹಿಡಿದು ಪೂರ್ವಕ್ಕೆ ಹೋದರೆ ಸೀದಾ ಡೆಟ್ರಾಯಿಟ್. ಆ ಊರಿನ ಉತ್ತರದ ಗಡಿಯೂ ಅದೇ ರಸ್ತೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ಸಿಗುವ ಮೊದಲ ಬುದ್ಧಿಮಾತು, "ಎಂಟು ಮೈಲಿ ದಾಟಿ ಹೋಗಬೇಡಿ" ಅಂತ. ಹೇಳುವವರಲ್ಲಿ ಅರ್ಧ ಜನ ತಾವೇ ದಾಟಿ ನೋಡಿದವರಲ್ಲ.

ಹಿಮದಲ್ಲಿ ಕಾರು ಆಮೆ ನಡಿಗೆ. ಮಾತಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು. "ಒಂದು ಹಳೇ ಕಾರು ತಗೋಬಹುದಿತ್ತಲ್ವಾ" ಅಂದೆ. ಮಿಸ್ ಡಿ ನಕ್ಕುಬಿಟ್ಟರು. "ಕಾರು ಮೂರು ಸಾವಿರಕ್ಕೆ ಸಿಗುತ್ತೆ. ಇನ್ಶೂರೆನ್ಸು ಯಾರು ಕಟ್ಟೋದು?" ಆಗ ಡೆಟ್ರಾಯಿಟ್‌ನಲ್ಲಿ ಕಾರಿನ ವಿಮೆ ವರ್ಷಕ್ಕೆ ಸರಾಸರಿ 5,000 ಡಾಲರ್ ದಾಟಿತ್ತು. ದೇಶದಲ್ಲೇ ಅತಿ ದುಬಾರಿ. ಮಿಷಿಗನ್ನಿನ ವಿಮೆ ಮೊದಲೇ ತುಟ್ಟಿ, ಅದರ ಮೇಲೆ ಮನೆ ಯಾವ ಪಿನ್‌ಕೋಡಿನಲ್ಲಿದೆ ನೋಡಿ ರೇಟು ಹಾಕುತ್ತಿದ್ದರು. ನಲವತ್ತು ವರ್ಷ ಒಂದು ಆಕ್ಸಿಡೆಂಟೂ ಮಾಡದವರಿಗೂ ಅದೇ ಪೆಟ್ಟು. ಪಿನ್‌ಕೋಡು ನೋಡಬಾರದು ಅಂತ ಕಾನೂನು ಬದಲಾದದ್ದು ಅದೇ ವರ್ಷ, ಸ್ವಲ್ಪ ತಿಂಗಳಾದ ಮೇಲೆ. ರೇಟು ಇಳಿಯಿತು, ನಮ್ಮೂರಿನ ಮಟ್ಟಕ್ಕೆ ಇಳಿಯಲಿಲ್ಲ.

ಲೆಕ್ಕ ಹಾಕುತ್ತಾ ಕಾರು ಓಡಿಸಿದೆ. ಬಸ್ಸಿಲ್ಲ, ಅದಕ್ಕೆ ಕಾರು ಬೇಕು. ಮನೆ ಇರುವ ಜಾಗದಿಂದಾಗಿ ಕಾರು ಇಟ್ಟುಕೊಳ್ಳಲು ಆಗದು. ಜಾಗ ಬದಲಿಸಲು ದುಡ್ಡು ಬೇಕು. ದುಡ್ಡಿಗೆ ಕೆಲಸ ಬೇಕು, ಕೆಲಸ ಇರುವುದು ಬಸ್ಸು ಹೋಗದ ಊರಿನಲ್ಲಿ.

ಎಡಕ್ಕೆ ಸೌತ್‌ಫೀಲ್ಡ್ ಬಂತು. ಹಿಮದ ಮಧ್ಯೆ ಖಾಲಿ ಬಿದ್ದಿದ್ದ ದೊಡ್ಡ ಕಟ್ಟಡ ತೋರಿಸಿ, "ನಾರ್ತ್‌ಲ್ಯಾಂಡ್. ಹೈಸ್ಕೂಲು ಮುಗಿದ ಮೇಲೆ ಅಲ್ಲೇ ನನ್ನ ಮೊದಲ ಕೆಲಸ, ಶೂ ಅಂಗಡಿಯಲ್ಲಿ" ಅಂದರು. ಆ ಮಾಲು 1954ರಲ್ಲಿ ಶುರುವಾದದ್ದು, ಎಂಟು ಮೈಲಿಯ ಆಚೆ ಬದಿಗೆ. ಡೆಟ್ರಾಯಿಟ್ ಪೇಟೆಯ ವ್ಯಾಪಾರ ಅದರ ಹಿಂದೆಯೇ ಹೋಯಿತು. ಆಮೇಲೆ ದುಡ್ಡು ಇನ್ನೂ ಆಚೆಯ ಊರುಗಳಿಗೆ ಹೋಯಿತು, 2015ರಲ್ಲಿ ಮಾಲಿಗೂ ಬೀಗ ಬಿತ್ತು. ಡೆಟ್ರಾಯಿಟ್‌ನಲ್ಲಿ 1950ರಲ್ಲಿ ಹದಿನೆಂಟೂವರೆ ಲಕ್ಷ ಜನ ಇದ್ದರು. 2020ರ ಜನಗಣತಿಯಲ್ಲಿ 6,39,111.

ಅವರ ಬೀದಿ ಬಂದಾಗ ಬಲಕ್ಕೆ ತಿರುಗಿದೆವು. ಅಚ್ಚುಕಟ್ಟಾದ ಚಿಕ್ಕ ಮನೆಗಳು. ಒಬ್ಬ ಹುಡುಗ ಪಕ್ಕದ ಮನೆಯ ಮೆಟ್ಟಿಲಿನ ಹಿಮವನ್ನೂ ಸೇರಿಸಿ ಎತ್ತುತ್ತಿದ್ದ. ಇಳಿಯುವ ಮುಂಚೆ ಮಿಸ್ ಡಿ, "ಗೋಡೆ ನೋಡಿದ್ದೀರಾ?" ಅಂದರು. ಯಾವ ಗೋಡೆ ಅಂದೆ. "ಇಷ್ಟು ವರ್ಷದಿಂದ ಇಲ್ಲೇ ಇದ್ದೀರಿ!" ಅಂತ ನನ್ನನ್ನು ಆಟದ ಮೈದಾನದ ಕಡೆ ಕರೆದುಕೊಂಡು ಹೋದರು.

ಆರಡಿ ಎತ್ತರ, ಒಂದಡಿ ದಪ್ಪದ ಕಾಂಕ್ರೀಟು ಗೋಡೆ. ಬರ್ವುಡ್ ಬೀದಿಯ ಹಿತ್ತಿಲುಗಳ ಉದ್ದಕ್ಕೂ ಅರ್ಧ ಮೈಲಿ ಹೋಗುತ್ತದೆ. ಮೈದಾನದ ಪಕ್ಕದಲ್ಲಿ ಚಿತ್ರ ಬರೆದಿದ್ದಾರೆ, ಉಳಿದ ಕಡೆ ಬರೀ ಬೂದು ಬಣ್ಣ. "ಇದರ ಮೇಲೆ ಕೈ ಬಿಟ್ಟು ನಡೆಯೋ ಪಂದ್ಯ ಕಟ್ಟುತ್ತಿದ್ದೆವು. ನಾನು ಬಿದ್ದದ್ದೇ ಇಲ್ಲ" ಅಂದರು ಮಿಸ್ ಡಿ.

ಅವರ ಅಜ್ಜ ದಕ್ಷಿಣದ ಅಲಬಾಮಾ ರಾಜ್ಯದಿಂದ ಬಂದು ಇಲ್ಲಿ ಸೈಟು ಕೊಂಡವರು. ಆಗ ಇದು ಊರಾಚೆ. ಕಪ್ಪು ಜನಕ್ಕೆ ಊರೊಳಗೆ ಜಾಗ ಸಿಗುವುದು ಕಷ್ಟ, ಬ್ಯಾಂಕಿನಲ್ಲಿ ಸಾಲ ಸಿಗುವುದು ಅದಕ್ಕಿಂತ ಕಷ್ಟ. ಕೈಯಲ್ಲಿ ಕಾಸು ಬಂದಾಗ ಒಂದು ಗೋಡೆ, ಇನ್ನೊಂದು ವರ್ಷ ಚಾವಣಿ ಅಂತ ತಾವೇ ಕಟ್ಟಿಕೊಂಡರು. ಆಮೇಲೆ ಪಕ್ಕದಲ್ಲಿ ಬಿಳಿಯರಿಗಾಗಿ ಬಡಾವಣೆ ಮಾಡಲು ಒಬ್ಬ ಬಿಲ್ಡರು ಬಂದ. ಆ ಕಾಲದಲ್ಲಿ ಗೃಹಸಾಲಕ್ಕೆ ಸರ್ಕಾರದ ಎಫ್‌ಎಚ್‌ಎ ಅನ್ನುವ ಸಂಸ್ಥೆ ಜಾಮೀನು ನಿಲ್ಲುತ್ತಿತ್ತು. ಕಪ್ಪು ಜನರ ಮನೆಗಳು ಇಷ್ಟು ಹತ್ತಿರ ಇದ್ದರೆ ಆಗಲ್ಲ ಅಂದಿತು. 1941ರಲ್ಲಿ ಬಿಲ್ಡರು ಈ ಗೋಡೆ ಎಬ್ಬಿಸಿದ. ಸರ್ಕಾರ ಒಪ್ಪಿತು.

ನಾನು ಓದಿದ್ದ ಜನಾಂಗ ಭೇದದ ಕತೆಗಳಲ್ಲಿ ಬೆಂಕಿ ಇತ್ತು, ಕೂಗಾಟ ಇತ್ತು, ಮುಸುಕು ಹಾಕಿಕೊಂಡವರಿದ್ದರು. ಇಲ್ಲಿದ್ದದ್ದು ಒಂದು ಸಾಲದ ಅರ್ಜಿ. ಆಚೆಯವರಿಗೆ ಕಡಿಮೆ ಬಡ್ಡಿಗೆ ಸಾಲ ಸಿಕ್ಕಿತು, ಮನೆಯ ಬೆಲೆ ಏರಿತು, ಅದನ್ನು ಮಾರಿ ಇನ್ನೂ ದೊಡ್ಡ ಮನೆಗೆ ಹೋದರು, ಮಕ್ಕಳನ್ನು ಕಾಲೇಜಿಗೆ ಕಳಿಸಿದರು. ಇಂಥದ್ದು ದೇಶದ ತುಂಬಾ ನಡೆದಿದೆ. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆ ಪ್ರಕಾರ ಆಸ್ತಿಯ ಸಾಲಿನಲ್ಲಿ ನಟ್ಟನಡುವೆ ನಿಲ್ಲುವ ಬಿಳಿಯರ ಕುಟುಂಬದ ಆಸ್ತಿ 2,85,000 ಡಾಲರ್, ಅಂಥದ್ದೇ ಕಪ್ಪು ಕುಟುಂಬದ್ದು 44,900. "ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು" ಅಂತ ನಮ್ಮ ಪಾರ್ಟಿಗಳಲ್ಲಿ ಹೇಳುವವರಿಗೆ ನಾನೀಗ ಆ ಅಜ್ಜನ ಮಾತು ತೆಗೆಯುತ್ತೇನೆ. ಅವರಷ್ಟು ಕಷ್ಟಪಟ್ಟವರು ನಮ್ಮಲ್ಲಿ ಯಾರಿದ್ದಾರೆ?

ಗೋಡೆಯ ಎರಡೂ ಬದಿಯಲ್ಲಿ ಈಗ ಹೆಚ್ಚಾಗಿ ಇರುವುದು ಕಪ್ಪು ಜನರೇ. ಬಿಳಿಯರು ಎಂದೋ ಎಂಟು ಮೈಲಿ ದಾಟಿ ಹೋದರು.

ಅಲ್ಲಿನ ಒಂದು ಚಿತ್ರದಲ್ಲಿ ರೋಸಾ ಪಾರ್ಕ್ಸ್ ಬಸ್ಸು ಹತ್ತುತ್ತಿದ್ದಾರೆ. ನನಗೆ ತಕ್ಷಣ ನೆನಪಾದದ್ದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಇಲ್ಲಿನ ಕನ್ನಡಿಗರು ಕರೆದುಕೊಂಡು ಹೋಗುವ ಜಾಗ ಅದು. 1955ರಲ್ಲಿ ಅಲಬಾಮಾದ ಮಾಂಟ್‌ಗಮರಿಯಲ್ಲಿ ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಹೆಂಗಸು ಬಿಳಿಯರಿಗೆ ಸೀಟು ಬಿಟ್ಟು ಏಳದ ಬಸ್ಸು ಅಲ್ಲಿದೆ. 2001ರಲ್ಲಿ 4,92,000 ಡಾಲರ್ ಕೊಟ್ಟು ಹರಾಜಿನಲ್ಲಿ ಕೊಂಡದ್ದು. ಒಳಗೆ ಕೂರಬಹುದು. ಅತ್ತೆಯೂ ಕೂತು ಫೋಟೋ ತೆಗೆಸಿಕೊಂಡಿದ್ದಾರೆ. ರೋಸಾ ಪಾರ್ಕ್ಸ್ 1957ರಲ್ಲಿ ಡೆಟ್ರಾಯಿಟ್‌ಗೆ ಬಂದು 2005ರಲ್ಲಿ ಸಾಯುವವರೆಗೂ ಇಲ್ಲೇ ಇದ್ದರು. ಅವರು ಕೂತ ಬಸ್ಸನ್ನು ಗಾಜಿನಂತೆ ಒರೆಸಿ ಇಟ್ಟಿದ್ದೇವೆ, ಅವರ ಊರಿನ ಬಸ್ಸನ್ನು ಆಗ ನಮ್ಮೂರಿನೊಳಗೆ ಬಿಟ್ಟುಕೊಂಡಿರಲಿಲ್ಲ.

ನಾವು ಈ ದೇಶಕ್ಕೆ ಬಂದದ್ದು ಕೂಡ ರೋಸಾ ಪಾರ್ಕ್ಸ್‌ರಂಥ ಕಪ್ಪು ಜನರ ಹೋರಾಟದ ದೆಸೆಯಿಂದಲೇ. ಭಾರತೀಯರು ಬಿಳಿಯರಲ್ಲ, ಪೌರರಾಗುವಂತಿಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಹೇಳಿತ್ತು. ನಮ್ಮಂಥವರಿಗೆ ಬಾಗಿಲು ಸರಿಯಾಗಿ ತೆರೆದದ್ದು 1965ರ ವಲಸೆ ಕಾಯ್ದೆ, ನಾಗರಿಕ ಹಕ್ಕುಗಳ ಹೋರಾಟದ ಬಿಸಿ ಇನ್ನೂ ಆರದ ಹೊತ್ತಿನಲ್ಲಿ. 1941ರಲ್ಲಿ ಬಂದಿದ್ದರೆ ಗೋಡೆಯ ಯಾವ ಬದಿಗೆ ನಮ್ಮನ್ನು ಹಾಕುತ್ತಿದ್ದರು ಅಂತ ಕೇಳಬೇಕಾಗಿಲ್ಲ.

ಇನ್ನು ಸ್ಕೂಲು. ನಾವೆಲ್ಲ ಮುಗಿಬಿದ್ದು ಮನೆ ಕೊಳ್ಳುವುದೇ ಅದಕ್ಕಾಗಿ ಅಲ್ವಾ? ಡೆಟ್ರಾಯಿಟ್ ಮತ್ತು ಸುತ್ತಲಿನ 53 ಶಾಲಾ ವಲಯಗಳ ಮಕ್ಕಳನ್ನು ಬಸ್ಸಿನಲ್ಲಿ ಆಚೀಚೆ ಕಳಿಸಿ ಒಟ್ಟಿಗೆ ಓದಿಸಿ ಅಂತ 1972ರಲ್ಲಿ ಒಬ್ಬ ಫೆಡರಲ್ ಜಡ್ಜು ಹೇಳಿದ್ದರು. ಅದಕ್ಕೂ ಮುಂಚೆ, 1971ರಲ್ಲೇ, ಪಾಂಟಿಯಾಕ್ ಅನ್ನುವ ಊರಿನಲ್ಲಿ ಇಂಥದ್ದೇ ಆದೇಶಕ್ಕೆ ಸಿಟ್ಟಾಗಿ ಹತ್ತು ಸ್ಕೂಲ್ ಬಸ್ಸುಗಳನ್ನು ಸಿಡಿಸಿದ್ದರು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವ 1972ರ ಪ್ರೈಮರಿಯಲ್ಲಿ ಮಿಷಿಗನ್ನಿನ ಡೆಮೊಕ್ರಾಟರು ಗೆಲ್ಲಿಸಿದ್ದು, ಕಪ್ಪು-ಬಿಳಿಯರನ್ನು ಬೇರೆ ಬೇರೆ ಇಡಬೇಕು ಅನ್ನುತ್ತಿದ್ದ ಅಲಬಾಮಾದ ಜಾರ್ಜ್ ವಾಲೆಸ್‌ನನ್ನು. 1974ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಜಡ್ಜಿನ ಆದೇಶ ಹೊಡೆದುಹಾಕಿತು. ಊರಿನ ಗಡಿ ದಾಟುವಂತಿಲ್ಲ ಅಂದಿತು. ಹೀಗೆ ಬಿಟ್ಟರೆ ಒಂದೊಂದು ಮಹಾನಗರವೂ ಒಂದು ಬಿಳಿ, ಒಂದು ಕಪ್ಪು ಅಂತ ಎರಡಾಗುತ್ತದೆ, ಮುಂದೆ ಪಶ್ಚಾತ್ತಾಪ ಪಡುತ್ತೀರಿ ಅಂತ ಆ ತೀರ್ಪನ್ನು ಒಪ್ಪದ ಜಸ್ಟಿಸ್ ತರ್ಗುಡ್ ಮಾರ್ಷಲ್ ಬರೆದರು. ಆ ಗಡಿಯನ್ನೇ ನಾವು "ಒಳ್ಳೇ ಸ್ಕೂಲ್ ಡಿಸ್ಟ್ರಿಕ್ಟ್" ಅಂತೀವಿ, ಅದರೊಳಗಿನ ಮನೆಗೆ ಲಕ್ಷ ಡಾಲರ್ ಜಾಸ್ತಿ ಕೊಡುತ್ತೀವಿ.

ಮನೆಗೆ ಬಂದು ಫೋನಿನಲ್ಲಿದ್ದ ಗೋಡೆಯ ಫೋಟೋ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ನಮ್ಮೂರಲ್ಲಿ ಕೇರಿ ಇತ್ತಲ್ಲ, ಹಂಗಾ?" ಅಂದರು. ಹೌದು ಅಂದೆ. "ನಮ್ಮಲ್ಲಿ ಗೋಡೆ ಇರ್ಲಿಲ್ಲ. ಎಲ್ರಿಗೂ ಗೊತ್ತಿರೋದು" ಅಂದು ಫೋನು ವಾಪಸ್ ಕೊಟ್ಟರು. ಮರುದಿನ ಮಿಸ್ ಡಿ ಬಂದಾಗ, ಎಂದೂ ಇಲ್ಲದ್ದು, ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡು ಕಾಫಿ ಕುಡಿದರು.

2022ರ ನವೆಂಬರಿನಲ್ಲಿ, ನೋವೈ ಇರುವ ಓಕ್‌ಲ್ಯಾಂಡ್ ಕೌಂಟಿ ಪೂರ್ತಿಗೆ ಬಸ್ಸಿನ ತೆರಿಗೆ ಮತಕ್ಕೆ ಬಂತು. ಈ ಸಲ ಯಾವ ಊರೂ ಹೊರಗೆ ಉಳಿಯುವಂತಿರಲಿಲ್ಲ. ತೆರಿಗೆ ಲೆಕ್ಕದ ಬೆಲೆ ಸಾವಿರ ಡಾಲರಿಗೆ 95 ಸೆಂಟು. ಆ ಬೆಲೆ ಮಾರುಕಟ್ಟೆ ಬೆಲೆಯ ಹೆಚ್ಚೆಂದರೆ ಅರ್ಧ, ಅಂದರೆ ಎರಡು ಲಕ್ಷದ ಮನೆಗೆ ವರ್ಷಕ್ಕೆ ಸುಮಾರು 95 ಡಾಲರ್. ದೀಪಾವಳಿ ಊಟದಲ್ಲಿ ಸ್ನೇಹಿತರೊಬ್ಬರು, "ನಮ್ಮನೇಲಿ ಮೂರು ಕಾರಿದೆ, ಬಸ್ಸಿಗೆ ನಾವ್ಯಾಕೆ ಸುಮ್ನೆ ದುಡ್ಡು ಕೊಡಬೇಕು?" ಅಂದರು. ಅವರ ಅಪ್ಪ ನಮ್ಮಲ್ಲಿ ಕೆಎಸ್ಆರ್‌ಟಿಸಿ ಕಂಡಕ್ಟರ್ ಆಗಿದ್ದವರು. ನಾನು ಅದನ್ನೇ ಎತ್ತಿದೆ. ಸ್ವಲ್ಪ ಜಗಳವೇ ಆಯಿತು, ಅವರ ಹೆಂಡತಿ ಒಬ್ಬಟ್ಟು ಬಡಿಸಿ ಮಾತು ಬದಲಿಸಿದರು.

ತೆರಿಗೆ ಗೆದ್ದಿತು. ನೋವೈಗೂ ಬಸ್ಸು ಬಂತು. ಮಿಸ್ ಡಿಗೆ ಫೋನ್ ಮಾಡಿ ಹೇಳಿದೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟಾಗಿತ್ತು.

"ಈಗ ಬಂತಾ? ನನ್ನ ಮಂಡಿ ಹೋದ ಮೇಲೆ!" ಅಂತ ಜೋರಾಗಿ ನಕ್ಕರು. ಆಮೇಲೆ, "ಆ ಹಳದಿ ತಿಂಡಿ ಮಾಡೋದು ಹೇಗೆ, ಹೇಳಿಕೊಡಿ" ಅಂದರು. ಉಪ್ಪಿಟ್ಟಿಗೆ ರವೆ ಹುರಿಯುವುದರಿಂದ ಶುರು ಮಾಡಿದೆ.